ಹಳೆ ಕ್ಲಬ್ ಕಟ್ಟಡದ ಮಾಡು (ಛಾವಣಿ) ಮಳೆಗಾಲಕ್ಕೆ ಮೊದಲು ಸರಿಯಾಗಬೇಕು

ಗುಡ್ಡೆಮನೆ (ಸಂಚಾಲಕಿ):
ಎಲ್ಲರೂ ದಯವಿಟ್ಟು ಪೂರ್ತಿ ಓದಿ. ಕಾಸರಗೋಡಿನ ನಮ್ಮ ಊರಿನ ಹಳೆ ಕ್ಲಬ್ ಕಟ್ಟಡದ ಪಡುಬದಿಯ ಮಾಡು ಇನ್ನೊಂದು ಮಳೆಗಾಲ ತಾಳುವುದಿಲ್ಲ. ಮಾಡು ಹೊರುವ ಮೂಲೆಯ ಮರದ ಪಕ್ಕಾಸುಗಳನ್ನು ಗೆದ್ದಲು ತಿಂದಿದೆ, ಹಂಚುಗಳು ಜಾರಿ ಜಗಲಿಗೆ ಬಿದ್ದಿವೆ, ಗೋಡೆಯ ಸಂದಿನಲ್ಲಿ ಹುಟ್ಟಿದ ಅಶ್ವತ್ಥದ ಗಿಡ ಎದೆಯೆತ್ತರ ಬೆಳೆದಿದೆ. ಕಟ್ಟಡ ಅಪಾಯಕಾರಿಯೆಂದು ಬರೆದು ಕೆಡವಿಸುವ ಮಾತು ಶುರುವಾಗಿದೆ ಎಂದು ವಾರ್ಡ್ ಸದಸ್ಯೆ ನಿನ್ನೆ ತಿಳಿಸಿದರು. ಒಮ್ಮೆ ಕೆಡವಿದರೆ ಆ ಜಾಗದಲ್ಲಿ ಊರಿನವರು ಒಟ್ಟಿಗೆ ಕುಳಿತುಕೊಳ್ಳುವ ಇನ್ನೊಂದು ಮಾಡು ಏಳುವುದಿಲ್ಲ. ಕೇರಂ, ವಾಲಿಬಾಲ್, ಪಂಚಾಯತ್ ರೇಡಿಯೊ, ಪತ್ರಿಕೆ ಓದುವ ಮೇಜು, ವರ್ಷಕ್ಕೊಂದು ನಾಟಕ ಎಲ್ಲವೂ ಅಲ್ಲಿದ್ದವು. ಈಗ ಬೀಗ ಇದೆ, ಬೀಗದ ಹಿಂದೆ ಕಸ ಇದೆ. ಅದನ್ನು ಸರಿಮಾಡಿ ಎಲ್ಲರಿಗೂ ತೆರೆದ ಸಾಂಸ್ಕೃತಿಕ ಮನೆಯಾಗಿ ನಡೆಸೋಣ ಎಂಬುದು ನನ್ನ ವಿನಂತಿ. ಒಪ್ಪುವವರೂ ಒಪ್ಪದವರೂ ಇಲ್ಲೇ ಬರೆಯಿರಿ. ಬೇರೆ ಗುಂಪಿನಲ್ಲಿ ಚರ್ಚೆ ಬೇಡ.

ಹೊಸಮನೆ:
ಅಕ್ಕ, ಬೇಸರ ಮಾಡಿಕೊಳ್ಳಬೇಡಿ, ನಾನು ಒಪ್ಪುವುದಿಲ್ಲ. ಕೆಡವಿ ಹೊಸ ಸಭಾಭವನ ಕಟ್ಟಿದರೆ ಮದುವೆ, ನಿಶ್ಚಿತಾರ್ಥ, ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಬಾಡಿಗೆಗೆ ಕೊಡಬಹುದು. ಬಾಡಿಗೆಯಲ್ಲೇ ನಿರ್ವಹಣೆ ನಡೆಯುತ್ತದೆ. ಹಳೆ ಕಟ್ಟಡಕ್ಕೆ ಈ ವರ್ಷ ಮಾಡು, ಬರುವ ವರ್ಷ ಗೋಡೆ, ಆಮೇಲೆ ನೆಲ ಎಂದು ವರ್ಷ ವರ್ಷ ಹಣ ಹಾಕುತ್ತಲೇ ಇರಬೇಕು. ಸಾಂಸ್ಕೃತಿಕ ಕೇಂದ್ರ ಎಂದು ಬೋರ್ಡ್ ಹಾಕಿ ಉದ್ಘಾಟನೆಯ ದಿನ ಬಿಟ್ಟು ಮತ್ತೆ ತೆರೆಯದ ಕಟ್ಟಡಗಳನ್ನು ನಾವೆಲ್ಲ ನೋಡಿದ್ದೇವೆ.

ಬೈಲುಮನೆ:
ನಾನು ಮರದ ಕೆಲಸದವನು, ನೋಡಿದ್ದನ್ನು ಮಾತ್ರ ಹೇಳುತ್ತೇನೆ. ಗೋಡೆ ಮುರಕಲ್ಲಿನದು (ಜಂಬಿಟ್ಟಿಗೆ), ಪಂಚಾಂಗ, ಅಂದರೆ ಅಡಿಪಾಯ, ಎಲ್ಲೂ ಕುಸಿದಿಲ್ಲ. ಮೂರು ಬದಿಯ ಗೋಡೆ ನೇರವಾಗಿ ನಿಂತಿದೆ. ಪಡುಗೋಡೆ ಮಾತ್ರ ಉಬ್ಬಿದೆ, ಅದಕ್ಕೆ ಕಾರಣ ಹಿಂದೊಮ್ಮೆ ರಿಪೇರಿಯೆಂದು ಹೊರಗಿನಿಂದ ಬಳಿದ ಸಿಮೆಂಟು ಗಾರೆ. ಮುರಕಲ್ಲು ಮಳೆಯಲ್ಲಿ ನೀರು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಸಿಮೆಂಟು ಅದನ್ನು ಬಿಡಲು ಕೊಡುವುದಿಲ್ಲ. ತೇವ ಒಳಗೇ ನಿಂತು ಗಾರೆ ಹಾಳೆ ಹಾಳೆಯಾಗಿ ಏಳುತ್ತದೆ, ಕಲ್ಲಿನ ಮೈಯೂ ಪುಡಿಯಾಗುತ್ತದೆ. ಅದನ್ನು ಕಿತ್ತು ಸುಣ್ಣದ ಗಾರೆ ಹಾಕಿದರೆ ಗೋಡೆ ಉಳಿಯುತ್ತದೆ.

ಮಾಡಿನ ಓರೆ ಅಳತೆ ಜಗಲಿಯೂ ಸೇರಿ ಸುಮಾರು 1,600 ಚದರ ಅಡಿ ಬರುತ್ತದೆ. ಮಂಗಳೂರು ಹಂಚು 100 ಚದರ ಅಡಿಗೆ 150ರ ಲೆಕ್ಕ, ಒಟ್ಟು 2,400 ಬೇಕು. ಅರ್ಧಕ್ಕಿಂತ ಹೆಚ್ಚು ಹಳೆಯದೇ ಸಾಕಾಗುತ್ತದೆ. ಇಳಿಸಿ, ಪಾಚಿ ತೊಳೆದು, ಗೆಣ್ಣಿನಿಂದ ತಟ್ಟಿ ನೋಡಬೇಕು: ಒಳ್ಳೆಯ ಹಂಚು ಠಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದಕ್ಕೆ ಆ ಸ್ವರ ಇಲ್ಲ. ಕಾರ್ಖಾನೆಗಳು ಹೆಚ್ಚಿನವು ಮುಚ್ಚಿದ್ದರೂ ಹಳೆ ಮನೆ ಕೆಡವುವಲ್ಲಿ ಹಂಚು ಸಿಗುತ್ತದೆ. ಪಕ್ಕಾಸು ಪಡುಬದಿಯದ್ದು ಮಾತ್ರ ಬದಲಿಸಿದರೆ ಸಾಕು, ಹಂಚು ಕೂರುವ ರೀಪು ಪೂರ್ತಿ ಹೊಸತು ಬೇಕು. ಅಶ್ವತ್ಥವನ್ನು ಮೇಲಿನಿಂದ ಕಡಿದು ಬಿಡಬೇಡಿ, ಮತ್ತೆ ಚಿಗುರುತ್ತದೆ. ಆ ಭಾಗದ ಕಲ್ಲು ಬಿಚ್ಚಿ ಬೇರು ತೆಗೆಯಬೇಕು.

ಕಟ್ಟೆಮನೆ:
ಹಂಚು ಬಿಚ್ಚುವ ಮೊದಲು ಜಾಗ ಯಾರದೆಂದು ಇತ್ಯರ್ಥವಾಗಬೇಕು. ಜಾಗ ನಮ್ಮ ಅಜ್ಜ ಬಿಟ್ಟುಕೊಟ್ಟದ್ದು. ದಾನಪತ್ರದ ನಕಲು ನಮ್ಮಲ್ಲಿದೆ, 1956ಕ್ಕೆ ಮೊದಲಿನದು, ಮದ್ರಾಸ್ ರಾಜ್ಯದ ಛಾಪಾಕಾಗದದಲ್ಲಿ ಕನ್ನಡದಲ್ಲೇ ಬರೆದದ್ದು. ಸಾರ್ವಜನಿಕರ ಓದಿಗೂ ವಿನೋದಕ್ಕೂ ಉಪಯೋಗವಾಗಬೇಕೆಂಬ ಷರತ್ತು ಅದರಲ್ಲಿದೆ. ಬಾಡಿಗೆಯ ವಿಷಯ ಅದರಲ್ಲಿ ಇಲ್ಲ. ಬಳಕೆಯೇ ಇಲ್ಲವಾದರೆ ಜಾಗ ನಮಗೆ ವಾಪಸು ಬರಬೇಕಲ್ಲವೇ ಎಂದು ಮನೆಯಲ್ಲಿ ಕೇಳುವವರಿದ್ದಾರೆ. ನನಗೆ ವಾಪಸು ಬೇಡ. ಅಜ್ಜ ಕೊಟ್ಟದ್ದನ್ನು ಮೊಮ್ಮಕ್ಕಳು ಕಿತ್ತುಕೊಂಡರು ಎಂಬ ಮಾತು ನಮ್ಮ ಮನೆಗೆ ಬರುವುದು ಬೇಡ. ಆದರೆ ಕಟ್ಟಡ ಹಾಳು ಬಿದ್ದಷ್ಟು ದಿನ ಅವರ ವಾದಕ್ಕೆ ಬಲ ಬರುತ್ತಲೇ ಇರುತ್ತದೆ.

ಮಾಸ್ತರರು:
ಕಟ್ಟೆಮನೆಯವರು ಮುಖ್ಯವಾದ ವಿಷಯ ಎತ್ತಿದ್ದಾರೆ. ಆ ಪತ್ರವನ್ನು ಜೋಪಾನ ಮಾಡಿ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದ ದಸ್ತಾವೇಜು ಅದು. ಓದಲು ನನ್ನಂಥ ಕನ್ನಡ ಶಾಲೆಯವರು ಇರುವಾಗಲೇ ಶುದ್ಧ ಪ್ರತಿ ಮಾಡಿ ಮಲಯಾಳದ ಅನುವಾದವನ್ನೂ ಜೊತೆಗಿಟ್ಟುಕೊಳ್ಳಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತೆಗೆಯೋಣ. ವಿಲೇಜ್ ಆಫೀಸಿನಲ್ಲಿ ಆ ಸರ್ವೆ ನಂಬ್ರ ಈಗ ಯಾರ ಹೆಸರಿನಲ್ಲಿದೆ ಎಂದೂ ನೋಡಬೇಕು.

ಪಂಚಾಯತಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬೇಕು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಎರಡೇ ಪ್ರಶ್ನೆ ಕೇಳೋಣ: ಕಟ್ಟಡ ನಿಮ್ಮ ಆಸ್ತಿ ರಿಜಿಸ್ಟರಿನಲ್ಲಿ ಇದೆಯೇ? ಕೆಡವುವ ಬಗ್ಗೆ ಆಡಳಿತ ಸಮಿತಿಯ ನಿರ್ಣಯ ಆಗಿದೆಯೇ? ಅರ್ಜಿ ಕನ್ನಡದಲ್ಲೇ ಇರಲಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಊರು ನಮ್ಮದು. ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕು ನಮಗಿದೆ, ಸಂವಿಧಾನದ 350ನೇ ವಿಧಿಯೂ ಬೆಂಬಲಕ್ಕಿದೆ. ಬಳಸದ ಹಕ್ಕು ಕಾಗದದಲ್ಲಷ್ಟೇ ಉಳಿಯುತ್ತದೆ ಎಂಬ ಚಿಂತೆ ನನಗೆ ಬಹಳ ಕಾಲದಿಂದ ಇದೆ.

ಕೊನೆಯದಾಗಿ ಗ್ರಾಮಸಭೆ. ಕೇರಳದ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಕೋರಂ ಮತದಾರರ 10 ಶೇಕಡಾ. ಅಷ್ಟೇ ಮಂದಿ ಲಿಖಿತವಾಗಿ ಕೇಳಿದರೆ 15 ದಿನದೊಳಗೆ ವಿಶೇಷ ಗ್ರಾಮಸಭೆ ಕರೆಯಬೇಕು. ಸಹಿ ಸಂಗ್ರಹ ಇಂದೇ ಆರಂಭಿಸೋಣ. ಕಟ್ಟಡ ಉಳಿಸಬೇಕೆಂದು ಗ್ರಾಮಸಭೆಯೇ ನಿರ್ಣಯ ಮಾಡಿದ ಮೇಲೆ ಕೆಡವುವುದು ಯಾರಿಗೂ ಸುಲಭವಲ್ಲ.

ಪಳ್ಳಿರಸ್ತೆ:
ನನಗೊಂದು ಸಂಶಯ, ನೇರವಾಗಿ ಕೇಳುತ್ತೇನೆ. ಇದು ಕನ್ನಡದವರ ಕೇಂದ್ರವೋ ಊರಿನವರ ಕೇಂದ್ರವೋ? ನಮ್ಮ ಹುಡುಗರು ಕೋಲ್ಕಳಿ (ಕೋಲು ಹಿಡಿದು ಕುಣಿಯುವ ಆಟ) ಅಭ್ಯಾಸಕ್ಕೆ ಜಾಗವಿಲ್ಲದೆ ರಸ್ತೆ ಬದಿಯಲ್ಲಿ ಆಡುತ್ತಾರೆ. ಅವರಿಗೆ ಬಾಗಿಲು ತೆರೆಯುವುದಾದರೆ ಸಹಿ ಮಾತ್ರವಲ್ಲ, ಶ್ರಮದಾನಕ್ಕೂ ಬರುತ್ತೇವೆ.

ಗುಡ್ಡೆಮನೆ:
ಕೇಳಿದ್ದು ಒಳ್ಳೆಯದಾಯಿತು. ಊರಿನವರದ್ದು, ಅದರಲ್ಲಿ ಎರಡು ಮಾತಿಲ್ಲ. ಸಪ್ತಭಾಷೆಗಳ ನೆಲ ಎಂದು ವೇದಿಕೆಯಲ್ಲಿ ಹೇಳುತ್ತೇವೆ. ಆ ಮಾತು ನಿಜವಾಗಬೇಕಾದರೆ ಬೋರ್ಡ್ ಕನ್ನಡದಲ್ಲೂ ಮಲಯಾಳದಲ್ಲೂ ಇರಬೇಕು, ಒಳಗೆ ತುಳು, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲವೂ ಕೇಳಬೇಕು. ತಳಂಗರೆಯ ಟಿ. ಉಬೈದರು ಮಲಯಾಳದ ಕವಿ, ಮಾಪ್ಪಿಳಪಾಟಿನ ವಿದ್ವಾಂಸರು, ಕನ್ನಡವನ್ನೂ ಚೆನ್ನಾಗಿ ಬಲ್ಲವರು. ಅಂಥವರು ಹುಟ್ಟಿದ್ದು ಇದೇ ನೆಲದಲ್ಲಿ. ಕನ್ನಡದ ಒತ್ತಾಸೆಗೆ ನಾನು ಹಿಂದೆ ಸರಿಯುವವಳಲ್ಲ, ನನ್ನ ಮಕ್ಕಳು ಕನ್ನಡ ಮಾಧ್ಯಮದಲ್ಲೇ ಓದಿದವರು. ಆದರೆ ನೆರೆಮನೆಯ ಮಕ್ಕಳನ್ನು ಹೊರಗಿಟ್ಟು ಉಳಿಯುವ ಕನ್ನಡ ನನಗೆ ಬೇಡ.

ಹೊಸಮನೆ ತಮ್ಮಾ, ನಿನ್ನ ಮಾತಿಗೂ ಉತ್ತರ ಹೇಳಬೇಕು. ಮದುವೆ ಹಾಲ್ ನಮ್ಮ ಸುತ್ತ ಸಾಕಷ್ಟಿವೆ. ಬಾಡಿಗೆಯ ಹಾಲ್ ಆದರೆ ಮುಹೂರ್ತವಿರುವ ಶನಿವಾರ, ಭಾನುವಾರವೆಲ್ಲ ಅದು ದುಡ್ಡು ಕೊಟ್ಟವರದ್ದು. ಮಕ್ಕಳಿಗೆ ಬಿಡುವಿರುವುದೂ ಅದೇ ದಿನಗಳಲ್ಲಿ. ಮಾರ್ಬಲ್ ನೆಲಕ್ಕೆ ಗೀರು ಬೀಳುತ್ತದೆಂದು ಕೋಲ್ಕಳಿಯನ್ನೂ ಚೆಂಡೆಯನ್ನೂ ಒಳಗೆ ಬಿಡುವುದಿಲ್ಲ.

ಮಳೆಗಾಲದ ಬಗ್ಗೆ ಸ್ವಲ್ಪ ಯೋಚಿಸಿ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮತ್ತೆ ಕಟ್ಟುವುದು ದೀಪಾವಳಿ ಕಳೆದ ಮೇಲೆ. ನಡುವಿನ ಅಷ್ಟೂ ತಿಂಗಳು ಭಾಗವತರಿಗೂ ಮದ್ದಳೆಗಾರರಿಗೂ ಅರ್ಥಧಾರಿಗಳಿಗೂ ಉಳಿಯುವುದು ಕುಳಿತು ಹಾಡಿ ಮಾತಾಡುವ ತಾಳಮದ್ದಳೆ. ಅದಕ್ಕೆ ವೇಷ ಬೇಡ, ಬಣ್ಣದ ಚೌಕಿ ಬೇಡ, ದೊಡ್ಡ ರಂಗಸ್ಥಳ ಬೇಡ. ಸೋರದ ಮಾಡು, ಕುಳಿತುಕೊಳ್ಳಲು ಚಾಪೆ, ಕೇಳುವ ಐವತ್ತು ಜನ ಇದ್ದರೆ ಸಾಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ಇಷ್ಟು ಹತ್ತಿರ, ಅವನ ಪದ್ಯಗಳಿಗೆ ಅರ್ಥ ಹೇಳುವುದನ್ನು ನಮ್ಮ ಮಕ್ಕಳು ಮೊಬೈಲಿನಲ್ಲಿ ಮಾತ್ರ ಕೇಳುತ್ತಿದ್ದಾರೆ. ಎದುರು ಕುಳಿತ ಕರ್ಣನ ಮಾತಿಗೆ ಆ ಕ್ಷಣದಲ್ಲೇ ಉತ್ತರ ಹುಡುಕುವ ಕೃಷ್ಣನನ್ನು ಅವರು ಕಣ್ಣಾರೆ ಕಾಣಬೇಕು. ಕನ್ನಡದಲ್ಲಿ ನಿಂತ ಕಾಲಲ್ಲಿ ವಾದಿಸುವ ಶಕ್ತಿ ಬರುವುದು ಹಾಗೆ ನೋಡಿ, ಕೇಳಿ. ಪೂರ್ತಿ ಜೀರ್ಣೋದ್ಧಾರ ಆಗುವವರೆಗೆ ಕಾಯಬೇಕಾಗಿಲ್ಲ. ಮಾಡು ಸರಿಯಾಗಿ ಅನುಮತಿ ಸಿಕ್ಕಿದರೆ ಮಳೆಗಾಲದ ಆಟಿ ತಿಂಗಳಲ್ಲೇ ಮೊದಲ ಕೂಟ ನಡೆಸಬಹುದು. ವಾರದ ಬೇರೆ ಬೇರೆ ಸಂಜೆಗಳನ್ನು ಕೋಲ್ಕಳಿಗೆ, ಚೆಂಡೆಗೆ, ಓದಿಗೆ ಹಂಚಿಕೊಳ್ಳಬಹುದು.

ಮಾಸ್ತರರು:
ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಸ್ಮಾರಕವಾಗಿ ಉಳಿದದ್ದು ಕೇರಳ, ಕರ್ನಾಟಕ ಎರಡೂ ಕಡೆಯ ನೆರವಿನಿಂದ. ನಮ್ಮದು ಅಷ್ಟು ದೊಡ್ಡ ಕೆಲಸವಲ್ಲ, ಆದರೆ ಎರಡೂ ಕಡೆ ಕೇಳುವ ದಾರಿ ನಮಗೂ ಇದೆ. ಪಂಚಾಯತಿನ ಯೋಜನೆಯ ಪಟ್ಟಿಗೆ ಗ್ರಾಮಸಭೆಯ ಮೂಲಕ ಸೇರಿಸಬಹುದು, ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ಬರೆಯಬಹುದು. ಯಾವುದಕ್ಕೂ ನೋಂದಾಯಿತ ಸಂಘ ಬೇಕು. ಮಲಬಾರಿನ ಕಡೆ ಇನ್ನೂ 1860ರ ಸೊಸೈಟಿ ಕಾಯ್ದೆಯೇ ನಡೆಯುತ್ತದೆ, ಏಳು ಜನ ಸಾಕು. ಆ ಏಳರಲ್ಲಿ ಕಟ್ಟೆಮನೆಯವರೂ ಪಳ್ಳಿರಸ್ತೆಯವರೂ ಇರಲೇಬೇಕು.

ಹೊಸಮನೆ:
ಮದುವೆ ಹಾಲ್ ವಿಷಯ ಬಿಟ್ಟೆ. ದಾನಪತ್ರದ ಷರತ್ತು ನನಗೆ ಗೊತ್ತಿರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ನಾನು ಬರೆಯುತ್ತೇನೆ, ಮಾಸ್ತರರು ಕನ್ನಡ ತಿದ್ದಿಕೊಟ್ಟರೆ ಸಾಕು. ಆದರೆ ಎರಡು ವಿಷಯದಲ್ಲಿ ರಾಜಿ ಇಲ್ಲ. ಹೆಂಗಸರಿಗೆ ಬೇರೆ ಶೌಚಾಲಯ ಬೇಕು. ಜಗಲಿಗೆ ಮೆಟ್ಟಿಲಿನ ಪಕ್ಕ ಗಾಲಿಕುರ್ಚಿ ಹೋಗುವ ಇಳಿಜಾರು ಬೇಕು. ನನ್ನ ಅಮ್ಮ ಈ ಊರಿನಲ್ಲಿ ಯಾವ ಕಾರ್ಯಕ್ರಮಕ್ಕೂ ಹೋಗದೆ ವರ್ಷಗಳಾದವು, ಕಾರಣ ಇವೆರಡೇ. ಆಮೇಲೆ ನೋಡೋಣ ಎಂದರೆ ಆಗದು, ಮೊದಲ ಅಂದಾಜಿನಲ್ಲೇ ಸೇರಿಸಿ.

ಗುಡ್ಡೆಮನೆ:
ಸೇರಿಸುತ್ತೇವೆ. ಬೈಲುಮನೆ ಅಣ್ಣ, ಅಂದಾಜು ಬರೆಯುವಾಗ ಶೌಚಾಲಯ ಮತ್ತು ಇಳಿಜಾರನ್ನು ಮಾಡಿನ ಜೊತೆಗೇ ಬರೆಯಿರಿ.

ಬೈಲುಮನೆ:
ಆಯಿತು. ಒಂದು ಎಚ್ಚರಿಕೆ: ಪಂಚಾಯತ್ ಕಾರ್ಯದರ್ಶಿಯ ಲಿಖಿತ ಅನುಮತಿ ಸಿಗುವವರೆಗೆ ಯಾರೂ ಬೀಗ ಮುಟ್ಟಬೇಡಿ, ಮಾಡಿಗೆ ಹತ್ತಬೇಡಿ. ಪಡುಜಗಲಿಯಲ್ಲಿ ಮಕ್ಕಳು ಆಡುವುದನ್ನು ಇಂದೇ ನಿಲ್ಲಿಸಿ, ಅಲ್ಲಿ ಹಗ್ಗ ಕಟ್ಟುತ್ತೇನೆ. ಭಾನುವಾರ ಅಂಗಳದ ಪೊದೆ ಕಡಿಯುವ ಕೆಲಸ ಮಾತ್ರ. ಹಾವು ಇರುತ್ತದೆ, ಬೂಟು ಹಾಕಿ ಬನ್ನಿ.

ಪಳ್ಳಿರಸ್ತೆ:
ಹುಡುಗರು ಕತ್ತಿ, ಹಾರೆ ಹಿಡಿದು ಬೆಳಿಗ್ಗೆ ಏಳಕ್ಕೆ ಅಲ್ಲಿರುತ್ತಾರೆ. ಸಹಿಯ ಹಾಳೆ ನಮ್ಮ ರಸ್ತೆಗೆ ನಾಳೆ ಸಂಜೆ ಕಳುಹಿಸಿ.

ಕಟ್ಟೆಮನೆ:
ದಾನಪತ್ರದ ಫೋಟೊ ಗುಂಪಿಗೆ ಹಾಕುವುದಿಲ್ಲ, ಮಾಸ್ತರರ ಕೈಯಲ್ಲೇ ಕೊಡುತ್ತೇನೆ. ಸಹಿಯ ಮೊದಲ ಸಾಲು ನಮ್ಮ ಮನೆಗೆ ಬಿಡಿ.