ಮುಟ್ಟು ನಿಂತ್ಮೇಲೆ ಪದೇ ಪದೇ ಉರಿಮೂತ್ರ, ಹಾರ್ಮೋನ್ ಕ್ರೀಮ್ ಹಚ್ಕೋಬೋದಾ?

ಮಂಡ್ಯದವಳು, 56:
ಎಲ್ರಿಗೂ ನಮಸ್ಕಾರ. ಮುಟ್ಟು ನಿಂತು 5 ವರ್ಷ ಆಯ್ತು. ಹೋದ್ ವರ್ಷದಿಂದ ಉರಿಮೂತ್ರ ಬಿಟ್ಟೇ ಇಲ್ಲ, ಆಂಟಿಬಯೋಟಿಕ್ ಮುಗಿಸಿ ತಿಂಗಳೊಳಗೆ ಮತ್ತೆ ಶುರು, ಎಳನೀರು ಬಾರ್ಲಿ ನೀರು ಎಲ್ಲಾ ಕುಡ್ದಾಯ್ತು. ಕೆಳಗೆ ಒಣಗಿ ಬಿಗಿದಂಗಿರತ್ತೆ, ಲಂಗ ತಾಕಿದ್ರೂ ಉರಿ, ಯಜಮಾನ್ರ ಹತ್ರ ಮಲಗೋದೇ ಬಿಟ್ಟಿದೀನಿ, ಇದನ್ನ ಯಾರ್ ಮುಂದೆ ಹೇಳ್ಕೊಳ್ಳೋದು. ಮೈಸೂರಿಗೆ ಮಗಳ ಮನೆಗೆ ಬಸ್ಸಲ್ಲಿ ಹೊರಟ್ರೆ ಬೆಳಿಗ್ಗೆಯಿಂದ ನೀರೇ ಮುಟ್ಟಲ್ಲ, ಆದ್ರೂ ಶ್ರೀರಂಗಪಟ್ಣ ಬರೋ ಹೊತ್ಗೆ ತಡ್ಕೊಳಕ್ಕಾಗಲ್ಲ. ಈಗ ಲೇಡಿ ಡಾಕ್ಟ್ರು ಎಸ್ಟ್ರಿಯಾಲ್ ಅನ್ನೋ ಹಾರ್ಮೋನ್ ಕ್ರೀಮ್ ಬರ್ಕೊಟ್ಟಿದಾರೆ. ಡಬ್ಬಿಯೊಳಗಿನ ಚೀಟೀಲಿ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟೋದು ಅಂತೆಲ್ಲ ಇದೆ. ಟ್ಯೂಬು ಬೀರೂಲಿ ಸೀರೆ ಕೆಳಗೆ ಹಂಗೇ ಇದೆ, ಸೀಲೂ ಒಡ್ದಿಲ್ಲ. ಹಚ್ಕೊಂಡೋರು ಯಾರಾದ್ರೂ ಇದ್ರೆ ಹೇಳ್ರಮ್ಮ.

ಕುವೆಂಪುನಗರದಿಂದ:
ಅಕ್ಕ, ಆ ಚೀಟಿ ನೋಡೇ ನಾನೂ 8 ತಿಂಗಳು ಸುಮ್ನೆ ನರಳ್ದೆ. ಆಮೇಲೆ ಧೈರ್ಯ ಮಾಡ್ದೆ. ಮೊದಲ 2 ವಾರ ದಿನಾ ಮಲಗೋ ಮುಂಚೆ, ಆಮೇಲೆ ವಾರಕ್ಕೆ ಎರಡೇ ಸಲ, ನಂದು ಸೋಮವಾರ ಗುರುವಾರ. ಜೊತೇಲಿ ಬರೋ ಪ್ಲಾಸ್ಟಿಕ್ ಕೊಳವೇಲಿ ಡಾಕ್ಟ್ರು ಹೇಳಿದ ಗೆರೆವರೆಗೆ ತುಂಬ್ಕೊಂಡು ಒಳಗೆ ಹಾಕೋದು, ಆಮೇಲೆ ತೊಳ್ದಿಡೋದು. ಮೊದಮೊದಲು ಸ್ವಲ್ಪ ಚುರುಗುಟ್ತು. ಒಣಗಿದ್ದು ಮೂರ್ನೇ ವಾರಕ್ಕೇ ಕಡಿಮೆ ಆಯ್ತು, ಉರಿಮೂತ್ರ ನಿಲ್ಲೋಕೆ ಮಾತ್ರ 3 ತಿಂಗಳು ಹಿಡೀತು. ಮಧ್ಯ ಬಿಡ್ಬೇಡಿ.

ರಿಟೈರ್ಡ್ ನರ್ಸ್, ಮೈಸೂರು:
ಅಮ್ಮ, ಈಸ್ಟ್ರೋಜನ್ ಅಂದ್ರೆ ಹೆಣ್ಣಿನ ಹಾರ್ಮೋನು, ನಿಮ್ಮ ಕ್ರೀಮಲ್ಲಿರೋದೂ ಅದೇ ಜಾತಿದು. ಮುಟ್ಟು ನಿಂತ್ಮೇಲೆ ಅದು ಇಳಿದ್ರೆ ಯೋನಿ ಚರ್ಮ ತೆಳ್ಳಗಾಗತ್ತೆ, ಅಲ್ಲಿರೋ ಒಳ್ಳೇ ಬ್ಯಾಕ್ಟೀರಿಯಾ ಕಡಿಮೆಯಾಗಿ ಹುಳಿ ಅಂಶ ಹೋಗತ್ತೆ, ಆಗ ಮಲದ ಕಡೆಯ ಕ್ರಿಮಿ ಸಲೀಸಾಗಿ ಮೂತ್ರದ ದಾರಿಗೆ ಹತ್ಕೊಳ್ತವೆ. ಅದಕ್ಕೇ ಬರೀ ಆಂಟಿಬಯೋಟಿಕ್ ತಗೊಂಡ್ರೆ ತಿರುಗಿ ತಿರುಗಿ ಬರೋದು. ಬಿಸಿಯೇರೋದು ಬೆವರೋದು ವರ್ಷ ಕಳೆದ್ರೆ ಸಾಮಾನ್ಯವಾಗಿ ತಗ್ಗತ್ತೆ, ಈ ಒಣಗೋದು ತಾನಾಗೇ ಹೋಗಲ್ಲ. ಚೀಟಿಯಲ್ಲಿರೋ ಭಯ ಬಹಳಮಟ್ಟಿಗೆ ನುಂಗೋ ಹಾರ್ಮೋನ್ ಮಾತ್ರೆದು, 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ಬಂತಲ್ಲ, ಅದು ಮಾತ್ರೆ ಮೇಲೆ ನಡೆದಿದ್ದು. ಕಮ್ಮಿ ಡೋಸಿನ ಕ್ರೀಮು ರಕ್ತಕ್ಕೆ ಸೇರೋದು ಬಹಳ ಕಮ್ಮಿ. ಆದ್ರೆ ಸ್ತನ ಕ್ಯಾನ್ಸರ್ ಆಗಿದ್ರೆ ಕ್ಯಾನ್ಸರ್ ಡಾಕ್ಟ್ರನ್ನ ಕೇಳ್ದೆ ಹಚ್ಬೇಡಿ. ಮುಟ್ಟು ನಿಂತ್ಮೇಲೆ ಒಂದು ಹನಿ ರಕ್ತ ಕಂಡ್ರೂ ಮೊದಲು ತೋರಿಸ್ಬೇಕು, ನಿಮ್ಮ ಮಂಡ್ಯದ ಮಿಮ್ಸ್ ಆಸ್ಪತ್ರೇಲಾಗ್ಲಿ ಇಲ್ಲಿ ಮೈಸೂರಿನ ಚೆಲುವಾಂಬ ಆಸ್ಪತ್ರೇಲಾಗ್ಲಿ. ಚಳಿಜ್ವರ, ಬೆನ್ನುನೋವು ಬಂದ್ರೂ ಕಾಯ್ಬೇಡಿ. ಮತ್ತೆ ಉರಿ ಬಂದ್ರೆ ಆಂಟಿಬಯೋಟಿಕ್ ಮಾತ್ರೆಗೆ ಮುಂಚೆ ಯೂರಿನ್ ಕಲ್ಚರ್ ಕೇಳಿ, ಮೂತ್ರದಲ್ಲಿ ಯಾವ ಕ್ರಿಮಿ ಇದೆ ಅಂತ ನೋಡೋ ಟೆಸ್ಟ್ ಅದು. ಆ ಜಾಗಕ್ಕೆ ಸೋಪು, ಡೆಟಾಲ್ ಬೇಡವೇ ಬೇಡ. ಬಸ್ಸಿಗೆ ಹೆದರಿ ನೀರು ಕುಡಿಯದೇ ಇರೋದಂತೂ ನಿಲ್ಲಿಸಿ ತಾಯಿ.

ಮದ್ದೂರಿನ ಸೊಸೆ:
ನಮ್ಮತ್ತೆಗೆ ಸ್ತನ ಕ್ಯಾನ್ಸರ್ ಆಗಿತ್ತು, ಅವ್ರಿಗೆ ಹಾರ್ಮೋನ್ ಇಲ್ದಿರೋ ಮಾಯಿಶ್ಚರೈಸರ್ ಜೆಲ್ ಕೊಟ್ಟಿದಾರೆ. ಒಣಗೋದು ಎಷ್ಟೋ ವಾಸಿ.

ಮಂಡ್ಯದವಳು, 56:
ನಂಗೆ ಕ್ಯಾನ್ಸರೂ ಇಲ್ಲ, ರಕ್ತಾನೂ ಕಂಡಿಲ್ಲ. ಇನ್ನೊಂದು ಕೇಳ್ಬೇಕು, ನಾಚ್ಕೆ ಬಿಟ್ಟು. ಯಜಮಾನ್ರ ಜೊತೆ ಸೇರೋ ಮುಂಚೆ ಇದನ್ನೇ ಹಚ್ಕೋಬೋದಾ?

ರಿಟೈರ್ಡ್ ನರ್ಸ್, ಮೈಸೂರು:
ಬೇಡಮ್ಮ, ಇದು ಔಷಧಿ, ಜಾರಿಕೆಗಲ್ಲ, ಅವ್ರ ಮೈಗೂ ಹತ್ತತ್ತೆ. ಅದಕ್ಕೆ ಮೆಡಿಕಲ್ ಶಾಪಲ್ಲಿ ನೀರಿನಂಶದ ಜೆಲ್ ಬೇರೆ ಸಿಗತ್ತೆ. ಕ್ರೀಮನ್ನ ಸೇರದಿರೋ ರಾತ್ರಿ ಹಾಕ್ಕೊಳಿ.