ಅಪ್‌ಡೇಟ್: ಮಗಳಿಗೆ ಹಳೇ ಕ್ಯಾನನ್ ತಗೊಂಡಾಯ್ತು
ಹತ್ತು ವರ್ಷದ ಮಗಳಿಗೆ ಆಟಿಕೆ ಕ್ಯಾಮೆರಾ ಸಾಕಾ, ಲೆನ್ಸ್ ಬದಲಾಯಿಸಬಹುದಾದ ದೊಡ್ಡ ಕ್ಯಾಮೆರಾ, ಅಂದ್ರೆ ಡಿಎಸ್‌ಎಲ್‌ಆರ್ ಬೇಕಾ ಅಂತ ಕೇಳಿದ್ದೆ. ಕೊನೆಗೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಕ್ಯಾನನ್ 1300ಡಿ ತಗೊಂಡ್ವಿ. 18-55 ಎಂಎಂ ಲೆನ್ಸ್ ಸೇರಿ ಸುಮಾರು 700 ಗ್ರಾಂ, ಪಟ್ಟಿ ಕೊರಳಿಗೆ ಕಡ್ಡಾಯ.

ಚಿಕ್ಕಮಗಳೂರಿನ ಮಳೆಗಾಲಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತೆ. ಕೊಳ್ಳುವಾಗ ಲೆನ್ಸ್ ಬಿಚ್ಚಿ, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಡಿ. ಜೇಡರಬಲೆಯಂಥ ಎಳೆ ಕಂಡರೆ ಎಷ್ಟು ಅಗ್ಗವಾದ್ರೂ ಬೇಡ. ಒರೆಸಿದ್ರೆ ಹೋಗಲ್ಲ, ಒಳಗಿನ ಲೇಪವನ್ನೇ ತಿಂದಿರಬಹುದು. ಮನೇಲಿ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಕಾಳಿನ ಜೊತೆ ಇಡಿ. ನೀಲಿ ಕಾಳು ಗುಲಾಬಿಯಾದ್ರೆ ಬದಲಾಯಿಸಿ.

ಬೇಲೂರು ದೇವಸ್ಥಾನದ ನವರಂಗದಲ್ಲಿ (ಒಳಮಂಟಪ) ತೆಗೆದ ಫೋಟೊಗಳು ಮಾತ್ರ ಅಲುಗಿದ್ವು. ಹೊರಗಿನ ಶಿಲ್ಪಕ್ಕೆ ಇಟ್ಟ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತೆ ಅನ್ನೋ ಸೆಟ್ಟಿಂಗ್) 400 ಹಾಗೇ ಉಳಿದು, ಕತ್ತಲಿರೋ ಒಳಗೆ ಶಟರ್ ವೇಗ 1/15 ಸೆಕೆಂಡಿಗೆ ಇಳಿದಿತ್ತು. ಐಎಸ್‌ಒ 1600 ಮಾಡಿದ್ರೆ 1/60 ಸೆಕೆಂಡ್ ಸಿಗುತ್ತೆ, ಅಲುಗಾಟ ಕಡಿಮೆಯಾಗುತ್ತೆ.