ಎಂಎಕ್ಸ್-5ಗೆ ಕಾಯಿಲ್‌ಓವರ್: ಹಾಕೋದು ಹೇಗೆ, ಎಷ್ಟು ಇಳಿಸೋದು? ಅನುಭವ ಇದ್ದವರು ಹೇಳಿ

ಪ್ರಶ್ನೆ, ಸ್ಟುಟ್‌ಗಾರ್ಟ್‌ನಿಂದ

ಈ ಬೇಸಿಗೆಯಲ್ಲಿ 2002ರ ಮಾಜ್ದಾ ಎಂಎಕ್ಸ್-5 ಸ್ಪೋರ್ಟ್ಸ್ ಕಾರು ತಗೊಂಡೆ, ಎನ್‌ಬಿ ಅನ್ನೋ ಎರಡನೇ ತಲೆಮಾರಿನ ಮಾದರಿ. ಎಂಜಿನ್ ಚೆನ್ನಾಗಿದೆ, ಆದರೆ ಶಾಕ್‌ಗಳು (ಶಾಕ್ ಅಬ್ಸಾರ್ಬರ್) ಸೋತುಹೋಗಿವೆ. ತಿರುವಿನಲ್ಲಿ ಕಾರು ವಾಲುತ್ತೆ, ಉಬ್ಬು ದಾಟಿದ ಮೇಲೂ ಎರಡು ಮೂರು ಸಲ ತೂಗುತ್ತೆ. ಹೇಗೂ ಬದಲಾಯಿಸಬೇಕು, ಶಾಕ್ ಮತ್ತು ಸ್ಪ್ರಿಂಗ್ ಒಟ್ಟಿಗಿರೋ, ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ ಹಾಕೋಣ ಅಂತಿದ್ದೀನಿ. ವಾರಾಂತ್ಯದ ಓಡಾಟ, ವರ್ಷಕ್ಕೆ ಒಂದೆರಡು ದಿನ ಟ್ರ್ಯಾಕ್. ನಾನೇ ಹಾಕಬಹುದಾ? ಎಷ್ಟು ಇಳಿಸಿದರೆ ಸರಿ? ಹಾಕಿದವರು ದಯವಿಟ್ಟು ತಿಳಿಸಿ.

ಮ್ಯೂನಿಕ್‌ನಿಂದ

ಎಂಟು ವರ್ಷದಿಂದ ಇದೇ ಕಾರು ಓಡಿಸ್ತಿದ್ದೀನಿ. ಎರಡು ಸಲ ನಾನೇ ಕಾಯಿಲ್‌ಓವರ್ ಹಾಕಿದ್ದೀನಿ. ನಿಮ್ಮ ಕೈಲೂ ಖಂಡಿತ ಆಗುತ್ತೆ.

ಕೊಳ್ಳುವ ಮುಂಚೆ ಕಿಟ್ ಜೊತೆ ಟೈಲೆಗುಟಾಖ್ಟನ್ (ಬಿಡಿಭಾಗಕ್ಕೆ ಕೊಡೋ ತಾಂತ್ರಿಕ ಪ್ರಮಾಣಪತ್ರ) ಇದೆಯಾ ಅಂತ ನೋಡಿ. ಎಷ್ಟರ ತನಕ ಇಳಿಸಬಹುದು ಅನ್ನೋದು ಅದರಲ್ಲೇ ಬರೆದಿರುತ್ತೆ. ಹಾಕಿದ ಮೇಲೆ ವಾಹನ ತಪಾಸಣೆ ಮಾಡೋ ಸಂಸ್ಥೆಗಳಾದ ಟ್ಯೂಫ್ ಅಥವಾ ಡೆಕ್ರಾದಲ್ಲಿ ಕಾರು ತೋರಿಸಿ ಒಪ್ಪಿಗೆ ಪಡೆಯಬೇಕು. ಆ ಒಪ್ಪಿಗೆ ಇಲ್ಲದಿದ್ದರೆ ಕಾರಿನ ರಸ್ತೆ ಅನುಮತಿಗೇ ಕುತ್ತು. ಕೆಡಬ್ಲ್ಯು, ಬಿಲ್‌ಸ್ಟೈನ್ ಎರಡೂ ಜರ್ಮನಿಯ ಕಂಪನಿಗಳೇ, ಕಾಗದಪತ್ರದ ತಲೆನೋವು ಕಡಿಮೆ. ಕೆಡಬ್ಲ್ಯುನ ವಿ1ರಲ್ಲಿ ಎತ್ತರ ಮಾತ್ರ ಬದಲಾಗುತ್ತೆ, ವಿ2ರಲ್ಲಿ ರೀಬೌಂಡ್ (ಸ್ಪ್ರಿಂಗು ಮತ್ತೆ ಚಾಚುವಾಗ ಶಾಕ್ ಕೊಡೋ ತಡೆ) ಕೂಡ, ವಿ3ರಲ್ಲಿ ಕಂಪ್ರೆಷನ್ನೂ (ಅದುಮುವಾಗಿನ ತಡೆ) ಬೇರೆಯಾಗಿ ಹೊಂದಿಸಬಹುದು. ನಿಮ್ಮ ಬಳಕೆಗೆ ಮೂರನೆಯದು ಬೇಡ ಅಂತಲೇ ನನ್ನ ಅಭಿಪ್ರಾಯ. ಉಳಿದ ದುಡ್ಡಲ್ಲಿ ಹೊಸ ಬುಷ್ (ಕೀಲುಗಳಲ್ಲಿರೋ ರಬ್ಬರ್ ತುಂಡು) ಮತ್ತು ಒಳ್ಳೆ ಟೈರ್ ಹಾಕಿಸಿ, ವ್ಯತ್ಯಾಸ ಕೈಗೆ ತಿಳಿಯುತ್ತೆ.

ಜ್ಯಾಕ್ ಸ್ಟ್ಯಾಂಡ್ ಮೇಲೂ ಮಾಡಬಹುದು, ಆದರೆ ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೆ ಕೊಡೋ ವರ್ಕ್‌ಶಾಪ್‌ಗಳು ಇಲ್ಲಿವೆಯಲ್ಲ, ಅಲ್ಲಿಗೇ ಹೋಗಿ. ವಾರ ಮೊದಲೇ ಎಲ್ಲ ಬೋಲ್ಟ್‌ಗೂ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರೆ, ಇಪ್ಪತ್ತು ವರ್ಷ ಉಪ್ಪು ಕುಡಿದ ಬೋಲ್ಟು ಸುಲಭಕ್ಕೆ ಅಲ್ಲಾಡಲ್ಲ. ಅದರಲ್ಲೂ ಚಕ್ರವನ್ನು ಹಿಡಿದಿಡೋ ತೋಳು, ಅಂದರೆ ಕೆಳಗಿನ ವಿಶ್‌ಬೋನ್‌ನಲ್ಲಿರೋ ಅಲೈನ್‌ಮೆಂಟಿನ (ಚಕ್ರದ ಕೋನ ಹೊಂದಿಸೋ) ಎಕ್ಸೆಂಟ್ರಿಕ್ ಬೋಲ್ಟ್‌ಗಳು ಬುಷ್ ಒಳಗೇ ಕಚ್ಚಿಕೊಂಡಿರ್ತವೆ. ಅವು ತಿರುಗ್ತವಾ ಅಂತ ಕಿಟ್ ತರಿಸೋ ಮುಂಚೆಯೇ ನೋಡಿ. ತಿರುಗದಿದ್ದರೆ ಎಂಥ ಕಾಯಿಲ್‌ಓವರ್ ಹಾಕಿದರೂ ಚಕ್ರದ ಕೋನ ಸರಿಮಾಡೋಕಾಗಲ್ಲ.

ಒಂದು ಎಚ್ಚರಿಕೆ, ಪ್ರಾಣಕ್ಕೆ ಸಂಬಂಧಿಸಿದ್ದು. ಹಳೇ ಶಾಕ್‌ನ ಮೇಲ್ತುದಿಯ ನಡುವಿನ ನಟ್ಟನ್ನು ಸುಮ್ಮನೆ ಬಿಚ್ಚಬೇಡಿ. ಒಳಗೆ ಸ್ಪ್ರಿಂಗು ಅದುಮಿಕೊಂಡು ಕೂತಿರುತ್ತೆ, ನಟ್ಟು ಬಿಟ್ಟರೆ ಗುಂಡಿನ ಹಾಗೆ ಹಾರುತ್ತೆ. ಸುತ್ತಲಿನ ನಟ್ಟು ಬಿಚ್ಚಿ ಇಡೀ ಜೋಡಣೆಯನ್ನೇ ಹೊರಗೆ ತೆಗೀರಿ. ಶಾಕನ್ನು ಮೇಲೆ ಕಾರಿನ ಬಾಡಿಗೆ ಕೂರಿಸೋ ಹಳೇ ಟಾಪ್ ಮೌಂಟನ್ನೇ ಮತ್ತೆ ಬಳಸೋದಾದರೆ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು.

ನಾನು ಮೊದಲ ಸಲ ಮಾಡಿದ ತಪ್ಪು ನೀವು ಮಾಡಬಾರದು ಅಂತಲೇ ಇದನ್ನ ಬರೀತಿದ್ದೀನಿ. ಚಕ್ರ ನೇತಾಡ್ತಿದ್ದಾಗಲೇ ಎಲ್ಲ ಬೋಲ್ಟನ್ನೂ ಟಾರ್ಕ್ ರೆಂಚ್‌ನಿಂದ ಪೂರ್ತಿ ಬಿಗಿದುಬಿಟ್ಟೆ. ವಿಶ್‌ಬೋನಿನ ರಬ್ಬರ್ ಬುಷ್ ಬೇರಿಂಗಿನ ಹಾಗೆ ತಿರುಗಲ್ಲ, ತನ್ನ ಮೈಯನ್ನೇ ತಿರುಚಿಕೊಳ್ಳುತ್ತೆ. ನೇತಾಡ್ತಿದ್ದಾಗ ಬಿಗಿದರೆ ಕಾರು ನೆಲಕ್ಕಿಳಿದ ಮೇಲೆ ಅದು ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತೆ. ಕಾರು ಹೊಂದಿಸಿದ್ದಕ್ಕಿಂತ ಎತ್ತರವಾಗಿ ನಿಂತಿತ್ತು. ನಾನು ದಡ್ಡತನದಿಂದ ಇನ್ನಷ್ಟು ಇಳಿಸಿದೆ. ಎರಡು ವರ್ಷದಲ್ಲಿ ಬುಷ್‌ಗಳೆಲ್ಲ ಸೀಳಿದ್ದವು. ಮೊದಲು ಸಡಿಲವಾಗಿ ಬಿಡಿ, ಕಾರು ತನ್ನ ಚಕ್ರದ ಮೇಲೆ ನಿಂತ ಮೇಲೆ ಕೊನೆಯ ಬಿಗಿತ ಕೊಡಿ.

ಬೆಂಗಳೂರಿನಿಂದ

ನನ್ನದು ಪೋಲೋ ಜಿಟಿ, ಸ್ಪೋರ್ಟ್ಸ್ ಕಾರಲ್ಲ, ಮುಂದಿನ ಸಸ್ಪೆನ್ಷನ್ನೂ ಬೇರೆ ಥರದ್ದು. ಆದರೂ ಎತ್ತರದ ಬಗ್ಗೆ ಹೇಳಬೇಕು. ಹಾಕಿದ ಅಂಗಡಿಯವರು ಚಂದ ಕಾಣುತ್ತೆ ಅಂತ 45 ಮಿಮೀ ಇಳಿಸಿದರು. ಹಂಪ್ ಬಿಡಿ, ಸಣ್ಣ ಗುಂಡಿಗೂ ಧಡ್ ಅಂತ ಬಡೀತಿತ್ತು. ಸ್ಪ್ರಿಂಗು ಗಟ್ಟಿ ಅಂದ್ಕೊಂಡಿದ್ದೆ, ನೋಡಿದರೆ ಶಾಕ್ ತನ್ನ ಚಲನೆಯ ಕೊನೆಯಲ್ಲಿರೋ ರಬ್ಬರ್ ತಡೆ, ಅಂದರೆ ಬಂಪ್ ಸ್ಟಾಪಿನ ಮೇಲೇ ಕೂತಿತ್ತು. ತಿರುವಿನ ಮಧ್ಯೆ ಆ ರಬ್ಬರ್ ತಾಗಿದ ಕ್ಷಣ ಆ ಚಕ್ರದ ಹಿಡಿತ ದಿಢೀರ್ ಕಡಿಮೆ ಆಗುತ್ತೆ. 20 ಮಿಮೀ ಮೇಲೆತ್ತಿಸಿದೆ, ಕಾರು ಶಾಂತವಾಯ್ತು, ವೇಗವಾಗಿಯೂ ಓಡಿಸಬಹುದಾಯ್ತು. ಬಂಪ್ ಸ್ಟಾಪ್ ಕತ್ತರಿಸಿ ಬಿಸಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಮಿಷಿಗನ್‌ನಿಂದ

ಬೆಂಗಳೂರಿನವರ ಮಾತಿಗೆ ಲೆಕ್ಕ ಸೇರಿಸ್ತೀನಿ. ಎಂಎಕ್ಸ್-5ರಲ್ಲಿ ಶಾಕ್ ಕೂರೋದು ವಿಶ್‌ಬೋನಿನ ನಡುವೆ, ಚಕ್ರದ ಹತ್ತಿರ ಅಲ್ಲ. ಹಾಗಾಗಿ ಸ್ಪ್ರಿಂಗಿನ ತಳದ ರಿಂಗನ್ನು 10 ಮಿಮೀ ಇಳಿಸಿದರೆ ಕಾರು ಸುಮಾರು 13 ಮಿಮೀ ಇಳಿಯುತ್ತೆ. ಸ್ವಲ್ಪ ಸ್ವಲ್ಪವೇ ತಿರುಗಿಸಿ. ರಿಂಗು ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತೆ ಅನ್ನೋದೂ ತಪ್ಪು ತಿಳಿವಳಿಕೆ. ಮೇಲಿನ ಭಾರ ಅಷ್ಟೇ ಇರುವಾಗ ಮಾಮೂಲಿ ಸ್ಪ್ರಿಂಗು ಅಷ್ಟೇ ಅದುಮಿಕೊಳ್ಳುತ್ತೆ, ಬದಲಾಗೋದು ಎತ್ತರ ಮಾತ್ರ.

ಅಳೆಯೋದು ನೆಲದಿಂದಲ್ಲ, ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ. ಟೈರ್ ಬದಲಾದರೂ ಆ ಅಳತೆ ಬದಲಾಗಲ್ಲ. ನನ್ನದು ಮುಂದೆ ಹಿಂದೆ ಎರಡೂ 330 ಮಿಮೀ ಆಸುಪಾಸು, ಇದಕ್ಕಿಂತ ಕೆಳಗೆ ರಸ್ತೆ ಕಾರಿಗೆ ಬೇಡ. ಜ್ಯಾಕ್‌ನಿಂದ ಇಳಿಸಿದ ಕೂಡಲೇ ಅಳೀಬೇಡಿ, ಹಿಂದೆ ಮುಂದೆ ಉರುಳಿಸಿ, ನೂರು ಕಿಲೋಮೀಟರ್ ಓಡಿಸಿ, ಆಮೇಲೆ ಅಳೆದು ಅಲೈನ್‌ಮೆಂಟಿಗೆ ಹೋಗಿ. ನನ್ನ ಕಾರಲ್ಲಿ ಕ್ಯಾಂಬರ್ (ಚಕ್ರ ಮೇಲ್ಗಡೆ ಒಳಗೋ ಹೊರಗೋ ವಾಲಿರೋ ಕೋನ) ಮುಂದೆ ಮೈನಸ್ 1.2 ಡಿಗ್ರಿ, ಹಿಂದೆ ಮೈನಸ್ 1.5, ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರೋದು) ಮುಂದೆ ಸೊನ್ನೆ, ಹಿಂದೆ ಚೂರು ಒಳಗೆ. ಕಾರು ಇಳಿದರೆ ಹೆಡ್‌ಲೈಟಿನ ಬೆಳಕೂ ಇಳಿಯುತ್ತೆ, ಅದನ್ನೂ ಸರಿಮಾಡಿಸಿ.

ಡ್ಯಾಂಪರ್, ಅಂದರೆ ಶಾಕ್‌ನ ಹೊಂದಾಣಿಕೆ ತಿರುಪಿನ ಕ್ಲಿಕ್ಕನ್ನು ಯಾವಾಗಲೂ ಪೂರ್ತಿ ಮುಚ್ಚಿದ ಕಡೆಯಿಂದ ಎಣಿಸಿ, ಮುಚ್ಚುವಾಗ ಬಲ ಹಾಕಬೇಡಿ. ಕಿಟ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಅಂಕಿಯಿಂದ ಶುರುಮಾಡಿ, ಪರಿಚಯದ ಒಂದೇ ರಸ್ತೆಯಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ. ಉಬ್ಬು ದಾಟಿದ ಮೇಲೆ ತೂಗಿದರೆ ರೀಬೌಂಡ್ ಹೆಚ್ಚಿಸಿ. ಸಾಲಾಗಿ ಉಬ್ಬು ಬಂದಾಗ ಕಾರು ಕುಗ್ಗುತ್ತಾ ಹೋದರೆ ಹೆಚ್ಚಾಗಿದೆ ಅಂತ ಅರ್ಥ, ಸ್ಪ್ರಿಂಗಿಗೆ ಮತ್ತೆ ಚಾಚಿಕೊಳ್ಳೋಕೆ ಸಮಯವೇ ಸಿಗ್ತಿಲ್ಲ.

ಟ್ರ್ಯಾಕಿಗೆ ಹೋಗೋದಿದ್ದರೆ ನಾಲ್ಕು ಚಕ್ರದ ತೂಕ ನೋಡಿಸಿ, ನೀವು ಸೀಟಲ್ಲಿ ಕೂತಿರಬೇಕು, ಆಂಟಿ ರೋಲ್ ಬಾರ್ (ತಿರುವಿನಲ್ಲಿ ವಾಲೋದನ್ನು ತಡೆಯೋ ಸರಳು) ಬಿಚ್ಚಿರಬೇಕು. ಒಂದು ಮೂಲೆ ಎತ್ತಿದರೆ ಅದರ ಮೇಲೂ ಎದುರು ಕರ್ಣದ ಚಕ್ರದ ಮೇಲೂ ಭಾರ ಏರುತ್ತೆ. ಎರಡು ಕರ್ಣಗಳ ಮೇಲೂ ತಲಾ ಶೇಕಡಾ 50ರಷ್ಟು ಭಾರ ಬಂದರೆ ಎಡಕ್ಕೂ ಬಲಕ್ಕೂ ಕಾರು ಒಂದೇ ಥರ ತಿರುಗುತ್ತೆ.

ಕೇಳಿದವರು, ಆರು ವಾರದ ನಂತರ

ಎಲ್ಲರಿಗೂ ಮನಸಾರೆ ಧನ್ಯವಾದ. ಹಿಂದಿನ ಎರಡು ಎಕ್ಸೆಂಟ್ರಿಕ್ ಬೋಲ್ಟ್ ಕಚ್ಚಿದ್ದವು, ಕತ್ತರಿಸಿ ಹೊಸದು ಹಾಕಬೇಕಾಯ್ತು, ಅದಕ್ಕೇ ಒಂದು ಇಡೀ ದಿನ. ಎತ್ತರವನ್ನು 335 ಮಿಮೀಗೆ ನಿಲ್ಲಿಸಿದೆ, ಟ್ಯೂಫ್ ಒಪ್ಪಿಗೆಯೂ ಆಯ್ತು. ಶ್ವಾರ್ತ್ಸ್‌ವಾಲ್ಡ್ (ಬ್ಲ್ಯಾಕ್ ಫಾರೆಸ್ಟ್) ಗುಡ್ಡಗಾಡಿನ ತಿರುವುಗಳಲ್ಲಿ ಓಡಿಸಿದಾಗ ಇದು ಅದೇ ಕಾರಾ ಅನ್ನಿಸ್ತು! ಒಂದೇ ತೊಂದರೆ, ನಿಧಾನವಾಗಿ ಹೋಗುವಾಗ ಮುಂದಿನ ಎಡಗಡೆ ಕಟಕಟ ಸದ್ದು.

ಮ್ಯೂನಿಕ್‌ನಿಂದ

ಆಂಟಿ ರೋಲ್ ಬಾರಿನ ಲಿಂಕ್ ಮೊದಲು ನೋಡಿ, ಆಮೇಲೆ ಟಾಪ್ ಮೌಂಟಿನ ನಟ್ಟು. ಚಕ್ರ ನೆಲದ ಮೇಲಿರುವಾಗಲೇ ಬಾನೆಟ್ ತೆಗೆದು ಮೌಂಟಿನ ಮೇಲೆ ಕೈಯಿಟ್ಟುಕೊಳ್ಳಿ, ಇನ್ನೊಬ್ಬರು ಕಾರನ್ನ ಅದುಮಿ ಬಿಡಲಿ. ಸಡಿಲ ಇದ್ದರೆ ಅಂಗೈಗೇ ಗೊತ್ತಾಗುತ್ತೆ.